ಚೀಟಿಯ ಕೆಳಗಿನ ತಾರೀಕು

ಅಣ್ಣನಿಗೆ,

ನೀನು ನಮ್ಮ ಹೆರಿಗೆ ಆಸ್ಪತ್ರೆಗೆ ತಂದುಕೊಟ್ಟ ಹೆಪಟೈಟಿಸ್ ಬಿ ಪರೀಕ್ಷೆಯ ಕಿಟ್ಟುಗಳ ವಿಷಯ ಬರೆಯುತ್ತಿದ್ದೇನೆ. ಇಷ್ಟು ಅಗ್ಗವೇ ಎಂದು ಡಾಕ್ಟರು ಅನುಮಾನಪಟ್ಟಾಗ, "ನಮ್ಮಣ್ಣ ತಂದಿದ್ದು ಸಾರ್, ಕಣ್ಮುಚ್ಚಿ ತಗೊಳ್ಳಿ" ಎಂದವಳು ನಾನು.

ಹೊಲಿಗೆ ಕೆಲಸದ ಬಸುರಿಯೊಬ್ಬಳಿಗೆ ಅದರಲ್ಲೇ ಪರೀಕ್ಷೆ ಮಾಡಿ, "ಏನಿಲ್ಲಮ್ಮ, ನಿಶ್ಚಿಂತೆಯಾಗಿರು" ಎಂದಿದ್ದೆ. ಹಾಗಾಗಿ, ಸೋಂಕಿರುವ ತಾಯಂದಿರ ಕೂಸಿಗೆ ಹುಟ್ಟಿದ ಕೂಡಲೇ ಕೊಡುವ ಇಂಜೆಕ್ಷನ್ ಅವಳ ಕೂಸಿಗೆ ಸಿಗಲಿಲ್ಲ. ಈಗ ಬೇರೆಡೆ ಪರೀಕ್ಷೆ ಮಾಡಿಸಿದರೆ ಇಬ್ಬರಿಗೂ ಸೋಂಕಿದೆ. "ನೀವೇ ಏನಿಲ್ಲ ಅಂದ್ರಲ್ಲಕ್ಕ?" ಎಂದು ಕೇಳಿದಳು.

ಉಳಿದ ಡಬ್ಬಿಗಳ ಮೇಲಿನ ತಾರೀಕಿನ ಚೀಟಿಯನ್ನು ಉಗುರಿನಿಂದ ಕೆರೆದೆ. ಕೆಳಗೆ ಅವಧಿ ಮುಗಿದ ತಾರೀಕಿತ್ತು. ಮೇಲಿನದು ನಿನ್ನ ಕೈಬರಹ. ಏಳರ ಅಂಕಿಗೆ ಹಾಗೆ ಅಡ್ಡಗೆರೆ ಎಳೆಯುವವನು ನೀನೊಬ್ಬನೇ.

ಇನ್ನು ಯಾವ ಆಸ್ಪತ್ರೆಗಳಿಗೆ ಕೊಟ್ಟಿದ್ದೀಯೋ ಪಟ್ಟಿ ಕಳಿಸು. ಪರೀಕ್ಷೆ ಮಾಡಿಸಿಕೊಂಡವರನ್ನೆಲ್ಲ ಮತ್ತೆ ಕರೆಸಬೇಕು. ಡಬ್ಬಿಗಳನ್ನು ಡಾಕ್ಟರಿಗೆ ಒಪ್ಪಿಸಿ, ನಿನ್ನ ಹೆಸರು ಬರೆದುಕೊಟ್ಟಿದ್ದೇನೆ.

ನೀನು ಕಿಟ್ಟು ತಂದುಕೊಟ್ಟ ಮೇಲೆ ಅತ್ತಿಗೆ ಬಸುರಿಯಾದಾಗ, "ನಾನೇ ಪರೀಕ್ಷೆ ಮಾಡ್ತೀನಿ, ಕರ್ಕೊಂಡ್ಬಾ" ಎಂದು ಎಷ್ಟು ಸಲ ಹೇಳಿದೆ. ನೀನು, "ನಿಂಗ್ಯಾಕೆ ತೊಂದ್ರೆ" ಎಂದು ಅವಳನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ನನ್ನ ಮೇಲಿನ ಅಕ್ಕರೆಯೆಂದೇ ತಿಳಿದಿದ್ದೆ.

ನಿನ್ನ ತಂಗಿ