ಯುಗಾದಿಗೆ ಏರಬೇಕಿದ್ದ ಅಂಕಿ

ಅಪ್ಪಾ,

ಯುಗಾದಿಯ ಬೆಳಿಗ್ಗೆ ಬೇವು-ಬೆಲ್ಲ ತಿಂದ ಮೇಲೆ ನೀನು ಮರಳೂರಿನ ಮನೆಯ ಹಾಲಿನಲ್ಲಿ ಪಂಚಾಂಗ ಹಿಡಿದು ಕೂರುತ್ತಿದ್ದೆ. ಮೂವರ ರಾಶಿಗೂ ಆಯ-ವ್ಯಯ ಓದಿ, ನನ್ನ ವ್ಯಯ ಜಾಸ್ತಿ ಬಂದರೆ ನಗುತ್ತಿದ್ದೆ. ಆಮೇಲೆ ನಿನ್ನ ಸ್ವಂತ ಪಂಚಾಂಗ ಶುರು. "ತೊಗರಿಬೇಳೆ ಎಷ್ಟಾಯ್ತೇ? ಗ್ಯಾಸು? ನಿನ್ ಮಾತ್ರೆ?" ಎಂದು ಅಮ್ಮನನ್ನು ಕೇಳಿ, ಹೋದ ವರ್ಷದ ಬೆಲೆಯ ಪಕ್ಕ ಬರೆದುಕೊಂಡು, ಮ್ಯೂಚುವಲ್ ಫಂಡಿನಿಂದ ತಿಂಗಳಿಗೆ ತೆಗೆಯುವ ಮೊತ್ತವನ್ನು ಅದಕ್ಕೆ ತಕ್ಕಂತೆ ಏರಿಸಿ, ಗುಬ್ಬಿಯ ಏಜೆಂಟರಿಗೆ ಫೋನ್ ಮಾಡುತ್ತಿದ್ದೆ. ಖಾಸಗಿ ಐಟಿಐ ಮೇಷ್ಟ್ರಿಗೆ ಪಿಂಚಣಿ ಎಲ್ಲಿಂದ ಬರಬೇಕು? "ಬೆಲೆ ಏರಿದಷ್ಟೇ ಏರಿಸ್ಬೇಕು ಕಣಮ್ಮ, ಆಸೆ ಏರಿದಷ್ಟಲ್ಲ. ನಾನು ಹೋದ್ಮೇಲೂ ನಿಮ್ಮಮ್ಮ ಯಾರ ಮುಂದೂ ಕೈ ಚಾಚ್ಬಾರ್ದು" ಅನ್ನುತ್ತಿದ್ದೆ.

ನೀನು ತೀರಿಹೋದ ವರ್ಷ ನಮಗೆ ಹಬ್ಬವಿರಲಿಲ್ಲ. ಸಾವಾದ ಮನೆ, ವರ್ಷ ತುಂಬುವವರೆಗೆ ಹೋಳಿಗೆ ಹೆಂಚು ಒಲೆ ಏರುವಂತಿಲ್ಲ. ಬೇವು-ಬೆಲ್ಲ ಇಲ್ಲ, ಪಂಚಾಂಗ ಇಲ್ಲ, ಗುಬ್ಬಿಗೆ ಫೋನೂ ಇಲ್ಲ. ಮುಂದಿನ ಯುಗಾದಿಗೆ ನಾನು ಕುಣಿಗಲ್ಲಿನ ಅತ್ತೆ ಮನೆಯಲ್ಲಿದ್ದೆ. ಅದರ ಮುಂದಿನ ಎರಡಕ್ಕೂ ಏನೋ ಒಂದೊಂದು ನೆಪ... ಹಬ್ಬ ಬಿಟ್ಟಿದ್ದು ಒಂದೇ ವರ್ಷ, ಅಂಕಿ ಏರಿಸುವುದನ್ನು ಬಿಟ್ಟಿದ್ದು ನಾಲ್ಕು ವರ್ಷ.

ಉಪ್ಪಾರಹಳ್ಳಿಯ ನನ್ನ ಮನೆಯಿಂದ ಮರಳೂರು ಏನು ದೂರ? ವಾರಕ್ಕೆರಡು ಸಲ ಸ್ಕೂಟಿಯಲ್ಲಿ ಹೋಗಿ ಅಮ್ಮನ ಕೈಯ ಕಾಫಿ ಕುಡಿದು ಬರುತ್ತಿದ್ದೆ. ಕಾಫಿಯಲ್ಲಿ ಹಾಲು ಕಡಿಮೆಯಾಗಿದ್ದು ಗೊತ್ತಾಗಿ ಒಮ್ಮೆ ಕೇಳಿದೆ. "ವಯಸ್ಸಾಯ್ತಲ್ಲ, ಗಟ್ಟಿ ಹಾಲು ಜೀರ್ಣ ಆಗಲ್ಲ ಕಣೇ" ಅಂದಳು. ನಂಬಿದೆ. ನಂಬುವುದೇ ನನಗೂ ಸುಲಭವಾಗಿತ್ತಲ್ಲ?

ಕಳೆದ ಕಾರ್ತಿಕದಲ್ಲಿ ಅಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಬಿಪಿ ಮಾತ್ರೆ ಸರಿಯಾಗಿ ತಗೊಳ್ತಿದ್ರಾ ಎಂದು ಡಾಕ್ಟರು ಕೇಳಿದರೆ, ಒಂದು ದಿನವೂ ತಪ್ಪಿಸಿಲ್ಲ ಅಂದೆ. ಮನೆಗೆ ಬಂದು ಏಲಕ್ಕಿ ಡಬ್ಬಿ ತೆಗೆದರೆ ಅದರಲ್ಲಿ ಏಲಕ್ಕಿ ಇರಲಿಲ್ಲ, ಮುರಿದಿಟ್ಟ ಅರ್ಧ ಮಾತ್ರೆಗಳಿದ್ದವು. ಯಾಕಮ್ಮ ಹೇಳಲಿಲ್ಲ ಅಂದದ್ದಕ್ಕೆ ತೊದಲುತ್ತ ಅಂದಳು: "ನಿಮ್ಮಪ್ಪ ಇಷ್ಟೇ ಅಂತ ಬರ್ದವ್ರೆ. ಹಬ್ಬದಲ್ಲಿ ಕೂತು ಯಾರೂ ಏರಿಸ್ದೇ ಇದ್ರೆ ನಾನೆಂಗೆ ಜಾಸ್ತಿ ಕೇಳ್ಲಿ?" ಕೈ ಚಾಚಬಾರದು ಎಂಬ ನಿನ್ನ ಮಾತನ್ನು ಅವಳು ನಿನ್ನ ದುಡ್ಡಿಗೂ ಪಾಲಿಸಿದ್ದಳು. ನನಗೆ ನಿನ್ನ ಮೇಲೂ ಸಿಟ್ಟಿದೆ ಅಪ್ಪ. ಲೆಕ್ಕ ಹಾಕುವುದನ್ನು ನನಗೆ ಕಲಿಸಿದೆ, ಅಮ್ಮನನ್ನು ಬೆಲೆ ಹೇಳುವುದಕ್ಕಷ್ಟೇ ಕೂರಿಸಿಕೊಂಡೆ. ಕಲಿತ ನಾನಾದರೂ ಏನು ಮಾಡಿದೆ...

ಈ ಯುಗಾದಿಗೆ ನಿನ್ನ ಜಾಗದಲ್ಲಿ ನಾನು ಕೂತೆ. ಅಮ್ಮನ ಮಂಚದ ಪಕ್ಕ ಆಯ-ವ್ಯಯ ಓದಿ, ಬಾಕಿ ಬಿದ್ದ ವರ್ಷಗಳ ಏರಿಕೆಯನ್ನೂ ಸೇರಿಸಿ ತಿಂಗಳ ಹದಿನೆಂಟು ಸಾವಿರವನ್ನು ಇಪ್ಪತ್ತನಾಲ್ಕು ಮಾಡಿಸಿದೆ. "ಏರಿಸ್ದೇ ಬಿಟ್ಟಿದ್ದಕ್ಕೆ ದುಡ್ಡು ಚೆನ್ನಾಗ್ ಬೆಳ್ದದೆ, ತಾಯಿಯವ್ರಿಗೆ ತೊಂಬತ್ತಾದ್ರೂ ಸಾಕಾಗ್ತದೆ" ಅಂದರು ಏಜೆಂಟರು. ಹೂಂ ಅಂದು ಹೊಸ ಅಂಕಿಯನ್ನು ಹಳೆಯದರ ಪಕ್ಕ ಬರೆದುಕೊಂಡೆ.

ಇನ್ನು ಮುಂದೆ ಹಬ್ಬ ಇರಲಿ, ಇಲ್ಲದಿರಲಿ, ಆ ದಿನ ಅಂಕಿ ಏರಿಸುತ್ತೇನೆ. ಮಾತು ಕೊಡುತ್ತಿದ್ದೇನೆ. ಆದರೆ ಇನ್ನೊಂದು ಸುದ್ದಿಯನ್ನೂ ನಿನಗೆ ಹೇಳಬೇಕು. ಆವತ್ತು ಊಟವಾದ ಮೇಲೆ ಅಮ್ಮನ ಎಡಗೈಯಲ್ಲಿ ಇಡೀ ಮಾತ್ರೆ ಇಟ್ಟು ನೀರು ತರಲು ಹೋದೆ. ಲೋಟ ಹಿಡಿದು ಬಂದರೆ, ಅವಳು ಅದನ್ನು ಹೆಬ್ಬೆರಳಿನಿಂದ ತಟ್ಟೆಯ ಅಂಚಿಗೆ ಒತ್ತಿ ಮುರಿಯುತ್ತಿದ್ದಳು.

ನಿನ್ನ ಮಗಳು,
ಸುಮ