ಮೂರನೇ ಮೆಟ್ಟಿಲು

ಅಮ್ಮ,

ಅಟ್ಟದ ಮೆಟ್ಟಿಲಿಗೆ ಇವತ್ತು ಹೊಸ ಹಲಗೆ ಹಾಕಿಸಿದೆ. ಒಂಬತ್ತೂ ಬೇವಿನವು, ರೊಳ್ಳದ ಸಾಮಿಲ್ಲಿನಲ್ಲಿ ಕೊಯ್ಸಿದ್ದು. ಅಳತೆ ತೆಗೆದವಳು ನಾನೇ, ಗಾರ್ಮೆಂಟ್ಸಿನ ಟೇಪಿನಲ್ಲಿ. ಹದಿನಾಲ್ಕು ವರ್ಷದ ಅಭ್ಯಾಸ ನೋಡು, ಹೊಲಿಗೆಗೆ ಬೇಕೆಂದು ಎರಡೂ ಕಡೆ ಅರ್ಧ ಇಂಚು ಹೆಚ್ಚಿಗೆ ಬರೆದುಕೊಟ್ಟಿದ್ದೆ! ಒಂದು ಹಲಗೆಯೂ ಒಳಗೆ ಕೂರಲಿಲ್ಲ. ಬಡಗಿ ಚಿಕ್ಕತಿಮ್ಮಯ್ಯ ಮಾವ ನಕ್ಕು ನಕ್ಕು ಸುಸ್ತಾದ.

"ಏನವ್ವ ಮಮತಾ, ತೊಳುದ್ರೆ ಹಲಗೇನೂ ಕುಗ್ತದಾ?"

ಅವನು ಮತ್ತೆ ಕೊಯ್ಯುವಾಗ ಮರದ ಪುಡಿ ಬಾಗಿಲ ಬಿಸಿಲಲ್ಲಿ ನಿಧಾನವಾಗಿ ತೇಲುತ್ತಿತ್ತು. ನನಗೆ ಎಚ್ಚರವೋ ನಿದ್ದೆಯೋ ತಿಳಿಯಲಿಲ್ಲ. ಅಟ್ಟದಲ್ಲೀಗ ರೇಷ್ಮೆ ಹುಳು ಸಾಕುವವರಿಲ್ಲ. ಆದರೂ ಮೇಲಿನಿಂದ ಹಿಪ್ಪುನೇರಳೆ ಸೊಪ್ಪಿನ ವಾಸನೆ ಇಳಿದು ಬಂತು. ನಿನ್ನ ಬಳೆಯ ಸದ್ದೂ ಕೇಳಿದಂತಾಯಿತು. ನಾನು ತಲೆ ಎತ್ತಲಿಲ್ಲ. ಎತ್ತಿದರೆ ಅದು ನಿಂತುಹೋಗುತ್ತದೆ ಅನ್ನಿಸಿತು.

ಪ್ರತಿ ಭಾನುವಾರ ಫೋನಿನಲ್ಲಿ ನೀನು ಹೇಳುತ್ತಿದ್ದೆ, "ಮೂರನೇದು ಅಲ್ಲಾಡ್ತದೆ ಕಣೇ. ಸೊಪ್ಪಿನ ಪುಟ್ಟಿ ಹೊತ್ಕಂಡು ಹತ್ತಾಕೆ ಭಯ ಆಗ್ತದೆ."

"ಹಬ್ಬಕ್ಕೆ ಬಂದಾಗ ಮಾಡುಸ್ತೀನಿ ಬಿಡಮ್ಮ" ಅನ್ನುತ್ತಿದ್ದೆ ನಾನು. ಯಾವ ಹಬ್ಬ ಅಂತ ನೀನು ಒಂದು ಸಲವೂ ಕೇಳಲಿಲ್ಲ. ಕೊನೆಗೆ ನಾನು ಬಂದಿದ್ದು ನಿನ್ನ ತಿಥಿಗೆ.

ಹಲಗೆ ಬಿಗಿಯಲು ಮಾವನ ಜೊತೆ ನಾನೂ ಕೂತೆ. ಒಂದೊಂದಕ್ಕೆ ನಾಲ್ಕು ಸ್ಕ್ರೂ ಸಾಕು ಅಂದಿದ್ದ. ಮೂರನೆಯದಕ್ಕೆ ಐದನೇ ಸ್ಕ್ರೂ ಹಾಕಿದೆ. ಆಮೇಲೆ ಆರನೆಯದನ್ನೂ ಹಾಕಿದೆ. ಈ ಸಲ ಮಾವ ನಗಲಿಲ್ಲ. ಡಬ್ಬಿಯಿಂದ ಇನ್ನೆರಡು ತೆಗೆದು ನನ್ನ ಅಂಗೈಯಲ್ಲಿಟ್ಟ.