ಸೂರಿನ ದೋಣಿಗೆ ಸೊನ್ನೆ

ಲಾಯ್ಡ್,

ಇವತ್ತು ಬೆಳಿಗ್ಗೆ ತಲೆಗೆ ಶಾಂಪೂ ಹಚ್ಚಿಕೊಂಡಿದ್ದಾಗಲೇ ನಲ್ಲಿ ಕೆಮ್ಮಿ ನಿಂತಿತು. ನೀರಿನ ಲಾರಿಯ ನೊಲೀನ್ ಬರುವವರೆಗೂ ತಲೆಗೆ ಟವೆಲ್ ಸುತ್ತಿಕೊಂಡು ಒಳಗೂ ಹೊರಗೂ ಶತಪಥ ಹಾಕಿದೆ.

ಅವಳು ಬಂದವಳೇ ಟ್ಯಾಂಕನ್ನು ಮೇಲಿಂದ ಕೆಳಗೆ ಬೆರಳಿನಿಂದ ತಟ್ಟುತ್ತ ಹೋದಳು. ತಳದವರೆಗೂ ಟೊಳ್ಳು ಸದ್ದು.

“ಮೊನ್ನೆ ಅಷ್ಟೊಂದು ಮಳೆ ಬಂತಲ್ಲಮ್ಮಾ, ನೀರೆಲ್ಲ ಎಲ್ಲಿ ಹೋಯ್ತು?” ಎಂದು ಸೂರಿನಂಚಿನಲ್ಲಿ ಮಳೆನೀರು ಹಿಡಿಯುವ ತಗಡಿನ ದೋಣಿಯತ್ತ ನೋಡಿ ನಕ್ಕಳು. “ನೋಡು, ದೋಣಿ ತುಂಬ ನೀಲಗಿರಿ ಎಲೆ. ನೀರು ಟ್ಯಾಂಕಿಗೆ ಇಳಿಯೋದು ಹ್ಯಾಗೆ? ಫ್ಲ್ಯಾಟಿನವ್ರು ನೀವು, ಮನೆ ತಾನಾಗೇ ನಡೆಯುತ್ತೆ ಅನ್ಕೊಂಡ್ಬಿಡ್ತೀರ!”

ನಗರದಲ್ಲಿ, ಫುಟ್‌ಸ್ಕ್ರೇಯ ನಮ್ಮ ಫ್ಲ್ಯಾಟಿನಲ್ಲಿ, ಮೂರು ತಿಂಗಳಿಗೊಮ್ಮೆ ನಿರ್ವಹಣೆಯ ಹಣ ಕಟ್ಟಿದರೆ ಮುಗಿಯುತ್ತಿತ್ತು. ಚಾವಣಿ ಬೇರೆ ಯಾರದೋ ತಲೆನೋವು. ಮಳೆನೀರನ್ನೇ ನಂಬಿದ ಈ ಹಳ್ಳಿಮನೆಗೆ ಬರೋಣವೆಂದು ನೀನು ಐದು ವರ್ಷ ಗೋಗರೆದೆ. ಖರ್ಚು ತೂಗಿಸಲು ಆಗುವುದಿಲ್ಲವೆಂದು ಐದು ವರ್ಷವೂ ತಡೆದವಳು ನಾನು. ಕೊನೆಗೆ ಆಸ್ಪತ್ರೆಯಲ್ಲಿ ನಾನು ಹೂಂ ಅಂದ ದಿನ, ದಿಂಬಿಗೊರಗಿಕೊಂಡೇ ನೀನು ವರ್ಷದ ಖರ್ಚಿನ ಪಟ್ಟಿ ಬರೆದೆ. ಸೌದೆಗೆ ಒಂಬೈನೂರು ಡಾಲರ್. ವಿಮೆಗೆ ಎರಡು ಸಾವಿರ. ಸೂರಿನ ದೋಣಿಗೆ ಸೊನ್ನೆ.

“ಅದಕ್ಕ್ಯಾಕೆ ದುಡ್ಡು? ಏಣಿ ಹತ್ತೋಕೆ ನಾನಿಲ್ವಾ?” ಅಂದಿದ್ದೆ ನೀನು.

ಜೂನ್‌ನಲ್ಲಿ ನಿನ್ನನ್ನು ಮಣ್ಣು ಮಾಡಿದೆವು. ಜುಲೈಯಲ್ಲಿ ನಾನೊಬ್ಬಳೇ ಇಲ್ಲಿಗೆ ಬಂದೆ. ಪಟ್ಟಿಯನ್ನು ಫ್ರಿಜ್ಜಿಗೆ ಅಂಟಿಸಿದ್ದೇನೆ, ಒಂದು ಅಂಕಿಯನ್ನೂ ತಿದ್ದಿಲ್ಲ.

ನೀರು ತುಂಬಿಸಿ ಪೈಪು ಸುತ್ತುತ್ತ ನೊಲೀನ್ ಕೇಳಿದಳು: “ದೋಣಿ ಕ್ಲೀನ್ ಮಾಡೋರು ಒಬ್ರಿದ್ದಾರೆ, ಇನ್ನೂರು ತಗೋತಾರೆ. ಕಳಿಸ್ಲಾ?”

“ಬೇಡ,” ಅಂದೆ. “ಶನಿವಾರ ನಮ್ಮನೆಯವ್ರೇ ಹತ್ತುತ್ತಾರೆ.”